ಗರಿ, ದಾರ, ಗಾಳ – ಭಾಗ 5: ತಿರುಗೋ ವೈಸ್

ಕಳೆದ ಪೋಸ್ಟ್‌ಗೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಯಾವ ವೈಸ್ ತಗೊಳ್ಳಲಿ?" ಇನ್ನರ್ಧ, "ವೈಸ್ ಅಂದ್ರೇನು ಗುರು?"

ಎರಡನೆಯವರಿಗೆ ಮೊದಲು. ಐಟಿಐ ವರ್ಕ್‌ಶಾಪಲ್ಲಿ ಕಬ್ಬಿಣ ಕಚ್ಚಿ ಹಿಡಿಯೋ ಬೆಂಚ್ ವೈಸ್ ನೋಡಿರ್ತೀರಲ್ಲ, ಅದರ ಮರಿ ಇದು. ಮೀನಿನ ಗಾಳವನ್ನ ಕಚ್ಚಿ ಹಿಡಿಯುತ್ತೆ. ನಾವು ಅದರ ಮೇಲೆ ಗರಿ, ಉಲನ್, ದಾರ ಸುತ್ತಿ ಹುಳದ ಹಾಗೆ ಕಾಣೋ ಫ್ಲೈ ಕಟ್ಟುತ್ತೀವಿ. ಎರೆಹುಳು ಬೇಡ, ಹಿಟ್ಟಿನ ಉಂಡೆ ಬೇಡ.

"ಹೊಸ ಅಗ್ರಹಾರದಲ್ಲಿ ಕೂತು ಇದೇನು ಫಾರಿನ್ ಶೋಕಿ" ಅಂತ ಕೇಳಿದೋರಿಗೆ: ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ 'ದಿ ರಾಡ್ ಇನ್ ಇಂಡಿಯಾ' ಅನ್ನೋ ಪುಸ್ತಕ ತಂದಿದ್ದು 1873ರಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ನಮ್ಮ ಕಬಿನಿಯಲ್ಲೇ 120 ಪೌಂಡ್ ತೂಗೋ ಬಿಳಿಮೀನು ಹಿಡಿದಿದ್ದರು. ಅಂದರೆ ಸುಮಾರು 54 ಕಿಲೋ, ಒಂದು ಮೂಟೆ ಭತ್ತದ ಹತ್ತಿರ ಹತ್ತಿರ! ಈಗ ಆ ಮೀನೇ ಅಪರೂಪ. ಕಾವೇರಿಯ ಆ ಗೂನುಬೆನ್ನಿನ ಮಹಸೀರ್‌ನ ವೈಜ್ಞಾನಿಕ ಹೆಸರು ಟಾರ್ ರೆಮದೇವಿ ಅಂತ ಖಚಿತವಾಗಿದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಅದನ್ನ ಅಳಿವಿನ ಅತಿ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸಿತು. ಅದಕ್ಕೇ ನಾವು ಕಟ್ಟೋದು ಜಿಲೇಬಿ, ಗೆಂಡೆಗೆ. ಗಾಳದ ಮುಳ್ಳನ್ನ ಕಟ್ಟೋಕೆ ಮುಂಚೆಯೇ ಇಕ್ಕಳದಲ್ಲಿ ಒತ್ತಿ ಬಿಡ್ತೀವಿ. ಬಿಳಿಮೀನು ಬಿದ್ದರೆ ನೋವಾಗದಂತೆ ವಾಪಸ್ ನೀರಿಗೆ.

"ನಾವು" ಅಂದ್ರೆ ನಾನು ಮತ್ತು ಅಪ್ಪ. ಅಪ್ಪ ಟೈಲರ್. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿತ್ತು. ಈಗ ಮುಷ್ಟಿ ಕಟ್ಟುತ್ತೆ, ಮೊಳಕೈಯಿಂದ ಆಡುತ್ತೆ, ಆದರೆ ಸೂಜಿಗೆ ದಾರ ಪೋಣಿಸೋ ಬೆರಳು ಅದಲ್ಲ. ಕತ್ತರಿ ಹಿಡಿಯೋಕಾಗಲ್ಲ. ಅಂಗಡಿ ಬಾಡಿಗೆ ಬಿಟ್ಟು ಮೆಷಿನ್ ಮನೆಗೆ ತಂದ್ವಿ. ಆಮೇಲೆ ಅವರು ಮಾತಾಡೋದೇ ಕಮ್ಮಿ ಮಾಡಿಬಿಟ್ಟರು. ನಾನು ಫ್ಲೈ ಕಟ್ಟುವಾಗ ಮಾತ್ರ ಪಕ್ಕದಲ್ಲಿ ಬಂದು ಕೂರೋರು.

ಅಮೆರಿಕದಲ್ಲಿ 2005ರಿಂದ 'ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್' ಅಂತ ಒಂದು ಸಂಸ್ಥೆ ಗಾಯಗೊಂಡ ಸೈನಿಕರಿಗೆ ಫ್ಲೈ ಕಟ್ಟೋದು ಕಲಿಸ್ತಾ ಬಂದಿದೆ. ಅದನ್ನ ಓದಿದ ಮೇಲೆ ನನ್ನ ಪ್ರಶ್ನೆ ಬದಲಾಯ್ತು: ಅಪ್ಪನಿಗೆ ಯಾವ ವೈಸ್? ಅವ್ವನ ಚೀಟಿ ದುಡ್ಡು ಬೇರೆ ಇದರಲ್ಲಿ ಸೇರಿತ್ತು. ಒಂದೇ ಸಲ, ಸರಿಯಾದ್ದೇ ತರಬೇಕಿತ್ತು.

ಈಗ ಗಮನ ಇಟ್ಟು ಓದಿ. "ರೋಟರಿ" ಅಂತ ಬರೆದಿರೋದೆಲ್ಲ ರೋಟರಿ ಅಲ್ಲ. ಕೆಲವು ಬರೀ ತಲೆ ತಿರುಗಿಸ್ತವೆ, ಫ್ಲೈನ ಕೆಳಗಡೆ ನೋಡೋಕೆ ಅಷ್ಟೇ. ನಿಜವಾದ ರೋಟರಿಯಲ್ಲಿ ಗಾಳದ ನೇರ ಕಡ್ಡಿ ವೈಸ್ ತಿರುಗೋ ಗೆರೆಯಲ್ಲೇ ಇರುತ್ತೆ. ಗಾಳ ಸಿಕ್ಕಿಸಿ, ಹಿಡಿ ತಿರುಗಿಸಿ, ಗಾಳದ ಕಣ್ಣನ್ನೇ ನೋಡಿ. ನಿಂತಲ್ಲೇ ಬುಗುರಿಯಂತೆ ತಿರುಗಿದರೆ ಸರಿ. ಗಾಣದ ಎತ್ತಿನ ಹಾಗೆ ಸುತ್ತು ಹೊಡೆದರೆ ಮೊದಲು ದವಡೆಯ ಎತ್ತರ ಹೊಂದಿಸಿ ನೋಡಿ. ಹೊಂದಿಸೋ ವ್ಯವಸ್ಥೆಯೇ ಇಲ್ಲ ಅಂದ್ರೆ ಅಲ್ಲೇ ಇಟ್ಟು ಬನ್ನಿ.

ಆಮೇಲೆ ದವಡೆ. ಗಾಳದ ಕಣ್ಣಿನ ಹತ್ತಿರ ಬೆರಳಲ್ಲಿ ಕೆಳಕ್ಕೆ ಒತ್ತಿ. ಕಡ್ಡಿ ಸ್ವಲ್ಪ ಬಾಗಬೇಕು, ಗಾಳ ಜಾರಬಾರದು. ನಿಮ್ಮ ಗಾಳದ ಸೈಜ್ ಜೊತೆಗೇ ತಗೊಂಡು ಹೋಗಿ. ಗಾಳದಲ್ಲಿ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು, 12ಕ್ಕಿಂತ 6 ದೊಡ್ಡದು. ಅಪ್ಪನಿಗೆ ಇದು ತಮಾಷೆ. ಮೆಷಿನ್ ಸೂಜಿಯಲ್ಲಿ 14ಕ್ಕಿಂತ 18 ದಪ್ಪ ಅಲ್ವಾ!

ಬುಡ ಎರಡು ಥರ. ಭಾರದ ತಟ್ಟೆ ಇರೋದು ಎಲ್ಲಿ ಬೇಕಾದರೂ ಕೂರುತ್ತೆ. ಟೇಬಲ್ ಅಂಚಿಗೆ ಬಿಗಿಯೋ ಕ್ಲಾಂಪ್ ಅಲುಗಾಡಲ್ಲ. ಒಂದೇ ಕೈ ಬಲವಾಗಿರೋರಿಗೆ ಕ್ಲಾಂಪೇ ಸೈ ಅಂತ ನನ್ನ ಅಭಿಪ್ರಾಯ. ನಮ್ಮದನ್ನ ಹೊಲಿಗೆ ಮೆಷಿನ್ನಿನ ಹಲಗೆಗೇ ಬಿಗಿದಿದೀನಿ.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿದ್ದು ಎಡಚರಿಗೆ ತಿರುಗಿಸಿಕೊಳ್ಳೋಕೆ ಆಗುತ್ತಾ ಅನ್ನೋದು. ಬಲಗೈಯವರು ಕೂತಾಗ ಗಾಳದ ಕಣ್ಣು ಬಲಕ್ಕೆ, ಹಿಡಿ ಎಡಕ್ಕೆ. ನಮಗೆ ಉಲ್ಟಾ ಬೇಕಿತ್ತು: ಬಲಗೈ ಬರೀ ಹಿಡಿ ತಿರುಗಿಸಬೇಕು, ಎಡಗೈ ಗರಿ ನಡೆಸಬೇಕು. ಹಿಡಿ ಎಷ್ಟು ಬಿಗಿ ಅನ್ನೋದಕ್ಕೆ ಒಂದು ಸ್ಕ್ರೂ ಇರುತ್ತೆ, ಅದನ್ನ ಸಡಿಲ ಮಾಡಿಕೊಟ್ಟೆ.

ಕಟ್ಟೋದು ಹೀಗೆ. ಬುಡದ ದಾರ ನಾನು ಸುತ್ತಿ, ಬಾಲ, ಉಲನ್, ಹುಂಜದ ಕತ್ತಿನ ಗರಿ ಕಟ್ಟಿ, ದಾರವನ್ನ ಕಣ್ಣಿನ ಹತ್ತಿರ ತಂದು ಒಂದು ಗಂಟು ಹಾಕ್ತೀನಿ. ದಾರದ ಬಾಬಿನ್ನನ್ನ ಎದುರಿಗಿರೋ ಕೊಕ್ಕೆಯಂಥ ಕಂಬಿ ಮೇಲೆ ಇಡ್ತೀನಿ, ದಾರ ತಿರುಗೋ ಗೆರೆಯಲ್ಲೇ ನೇರ ಇರಬೇಕು. ಇಲ್ಲಾಂದ್ರೆ ಅದೂ ಸುತ್ತಿಕೊಳ್ಳುತ್ತೆ. ಇಲ್ಲಿಂದ ಅಪ್ಪನ ಕೆಲಸ. ಗಾಳದ ಮೇಲ್ಭಾಗ ತಮ್ಮ ಕಡೆಗೆ ಬರೋ ಹಾಗೆ ಬಲಗೈಯಲ್ಲಿ ಹಿಡಿ ತಿರುಗಿಸ್ತಾರೆ. ಗಾಳವೇ ಉಲನ್ನನ್ನ ತನ್ನ ಮೈಗೆ ಎಳ್ಕೊಳ್ಳುತ್ತೆ. ಆಮೇಲೆ ಗರಿ. ಎಡಗೈ ಅದನ್ನ ನಿಧಾನಕ್ಕೆ ಕಣ್ಣಿನ ಕಡೆಗೆ ಸರಿಸುತ್ತೆ ಅಷ್ಟೇ. ಕೊನೇ ಗಂಟು ಮತ್ತೆ ನನ್ನದು.

ಇದರಿಂದ ಕೈ ವಾಸಿಯಾಯ್ತು ಅಂತ ಯಾರೂ ಫಾರ್ವರ್ಡ್ ಮಾಡಬೇಡಿ. ಡಾಕ್ಟರ್ ಹೇಳಿದ ವ್ಯಾಯಾಮ ಬೇರೆ, ಅದು ದಿನಾ ನಡೀತಿದೆ.

ಮೂರನೇ ಫೋಟೋ ನೋಡಿ. ಎಡಗಡೆಯದು ನಾನೊಬ್ಬನೇ ಕೈಯಲ್ಲಿ ಸುತ್ತಿದ್ದು, ಬಲಗಡೆಯದು ಅಪ್ಪ ತಿರುಗಿಸಿದ್ದು. ಗರಿಯ ಸುತ್ತುಗಳ ಅಂತರ ಗಮನಿಸಿ. ನನ್ನದನ್ನ ಬೆಳಕಿಗೆ ಹಿಡಿದು, "ಕಚ್ಚಾ ಹೊಲಿಗೆ ಹಾಕಿದ್ದೀಯಲ್ಲೋ, ಬಿಚ್ಚು" ಅಂದ್ರು. ಬಿಚ್ಚಿದೆ. ಬೆಂಗಳೂರಿನ ಗೆಳೆಯರಿಗೆ ಎರಡು ಡಜನ್ ಕಳಿಸಬೇಕು, ಹದಿನೇಳು ಆಗಿದೆ. ಅಪ್ಪ ಈಗ ಕೆಂಪು ದಾರ ಕೇಳ್ತಿದಾರೆ. ನಾಳೆ ಕೆ.ಆರ್. ನಗರಕ್ಕೆ ಹೋಗೋರು ಯಾರಾದ್ರೂ ಇದ್ರೆ ಹೇಳಿ.

#ಗರಿದಾರಗಾಳ #ಹೊಸಅಗ್ರಹಾರ #ಅಪ್ಪನಮೆಷಿನ್