ಹರಿಗೋಲಿನಿಂದ ಕರಡಿಗುಡ್ಡಕ್ಕೆ

ಕಲಬುರಗಿ ಜಿಲ್ಲೆಯ ಯಡ್ರಾಮಿಯ ಸುತ್ತ ಕಣ್ಣು ಹರಿಯುವಷ್ಟು ದೂರ ಎರೆಭೂಮಿ. ತೊಗರಿ, ಜೋಳಗಳದೇ ರಾಜ್ಯ. ದಟ್ಟ ಕಾಡೂ ಇಲ್ಲ, ಕಡಲಂತೂ ಇಲ್ಲವೇ ಇಲ್ಲ. ದೂರದ ಅಲಾಸ್ಕದ ಕರಾವಳಿಯಲ್ಲಿ ದೋಣಿಯೊಳಗೆ ಕುಳಿತೇ ದಡದ ಕಂದುಗರಡಿಗಳನ್ನೂ ಕಡಲಹಕ್ಕಿಗಳನ್ನೂ ನೋಡುವರೆಂದು ಓದಿದ ಇಲ್ಲಿಯ ಗೃಹಸ್ಥನಿಗೆ, ಅಂಥ ಭಾಗ್ಯ ನಮಗೆಲ್ಲಿಯದು ಎನಿಸುವುದು ಸಹಜ. ಆದರೆ ದಕ್ಷಿಣಕ್ಕೆ ಎರಡು ದಿನಗಳ ಪ್ರಯಾಣಕ್ಕೆ ಸಿದ್ಧನಾದರೆ ಹಕ್ಕಿ, ದೋಣಿ, ಕರಡಿ ಮೂರೂ ಅವನಿಗೆ ದೊರೆಯುವುವು. ಒಂದೇ ನೋಟದಲ್ಲಲ್ಲ, ಒಂದರ ಬಳಿಕ ಒಂದಾಗಿ.

ಮೊದಲನೆಯ ತಂಗುದಾಣ ಸುರಪುರದ ಬಳಿಯ ಬೋನಾಳ ಕೆರೆ. 17ನೆಯ ಶತಮಾನದಲ್ಲಿ ಸುರಪುರದ ಅರಸು ಪಾಮನಾಯಕ ಕಟ್ಟಿಸಿದ ಈ ಕೆರೆಯನ್ನು 19ನೆಯ ಶತಮಾನದಲ್ಲಿ ಅಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸುಧಾರಿಸಿದನು. ಮನುಷ್ಯನು ತನಗಾಗಿ ನಿಲ್ಲಿಸಿದ ನೀರಿನಲ್ಲಿ ಹಕ್ಕಿಗಳೂ ಪಾಲು ಪಡೆದವು. ಜೊಂಡಿನ ಅಂಚಿನಲ್ಲಿ ಕೆನ್ನೀಲಿ ಬಕ ತಪಸ್ವಿಯಂತೆ ನಿಂತಿರುತ್ತದೆ. ಚಳಿಗಾಲದಲ್ಲಿ ಕವಿಗಳ ಚಕ್ರವಾಕವೂ, ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತೂ ಇಲ್ಲಿಯ ಅತಿಥಿಗಳು.

ಅಲ್ಲಿಂದ ಹಂಪಿ. ತುಂಗಭದ್ರೆಯ ಹರಿಗೋಲು ಇಂದುನಿನ್ನೆಯದಲ್ಲ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಬುಟ್ಟಿಯಂತೆ ದುಂಡಗೆ ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿರುವನು. ಹೊಳೆ ತುಂಬಿ ಹರಿಯದ ದಿನಗಳಲ್ಲಿ, ಬೆಳಗಿನ ತಂಪಿನಲ್ಲಿ ಹರಿಗೋಲು ಹೆಬ್ಬಂಡೆಗಳ ನಡುವೆ ಮೆಲ್ಲನೆ ಸುತ್ತುತ್ತ ಸಾಗುತ್ತದೆ. ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತದೆ. ಕಪ್ಪುಬಿಳುಪಿನ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ನಿಂತು, ಒಮ್ಮೆಲೇ ನೀರಿಗೆ ಧುಮುಕುತ್ತದೆ. ಅದೃಷ್ಟವಿದ್ದವರಿಗೆ ನೀರುನಾಯಿಯ ತಲೆಯೂ ಕಂಡೀತು. ಅಣೆಕಟ್ಟಿನಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರವು 2015ರಲ್ಲಿ ನೀರುನಾಯಿಗಳ ರಕ್ಷಣೆಗೆಂದು ಮೀಸಲಾಗಿಸಿತು.

ಜಾಂಬವಂತನ ಕಿಷ್ಕಿಂಧೆ ಇದೇ ಎಂದು ಜನರ ನಂಬಿಕೆ. ಅವನ ಕುಲದವರನ್ನು ನೋಡಬಯಸುವವರು ಮಧ್ಯಾಹ್ನ ಕಮಲಾಪುರವನ್ನು ದಾಟಿ, 1994ರಲ್ಲಿ ಸ್ಥಾಪಿತವಾದ ದರೋಜಿ ಕರಡಿಧಾಮಕ್ಕೆ ಹೋಗಬೇಕು. ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯದ ಸಿಬ್ಬಂದಿ ಬೆಲ್ಲದ ಪಾಕ ಸವರಿ ಹೋಗುವರು. ಎದುರಿನ ಗೋಪುರದಲ್ಲಿ ಮಕ್ಕಳು ದುರ್ಬೀನಿಗಾಗಿ ಕಿತ್ತಾಡುವರು, ಹಿರಿಯರು ಗದರಿಸುವರು. ನವಿಲು, ಮುಂಗುಸಿಗಳು ಮೊದಲು ಬಂದು ರುಚಿ ನೋಡುವುವು. ಬಳಿಕ ಬಂಡೆಯ ನೆರಳೇ ಕದಲಿದಂತೆ ಒಂದು ಕರಿಯ ಆಕೃತಿ ಹೊರಬರುವುದು. ಕೆಲವೊಮ್ಮೆ ತಾಯ ಬೆನ್ನ ಮೇಲೆ ಮರಿಗಳು ಕೂದಲು ಹಿಡಿದು ಕುಳಿತಿರುತ್ತವೆ. ಗೋಪುರವು ತಾನಾಗಿ ಮೌನವಾಗುವುದು.

ಬೆಲ್ಲ ತೋರಿಸಿ ಕರೆದ ಕರಡಿ ಕಾಡಿನ ಕರಡಿಯೇ, ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಅದರ ನಿಜವಾದ ಬಾಳು ಕತ್ತಲಲ್ಲಿ ನಡೆಯುತ್ತದೆ: ಉದ್ದ ಉಗುರುಗಳಿಂದ ಹುತ್ತವನ್ನು ಅಗೆದು, ಮೂಗಿನ ಹೊಳ್ಳೆ ಮುಚ್ಚಿ, ಮುಂದಿನ ಮೇಲ್ಹಲ್ಲುಗಳಿಲ್ಲದ ಸಂದಿನಿಂದ ಗೆದ್ದಲನ್ನು ಹೀರುವ ಸದ್ದು ಬಹುದೂರ ಕೇಳಿಸುವುದು. ಅದನ್ನು ಪ್ರವಾಸಿಯು ಕಾಣಲಾರನು. ನಸುಕಿನಲ್ಲಿ ಹೊಲಕ್ಕೆ ಹೊರಟ ರೈತನಿಗಂತೂ ಕರಡಿ ವಿನೋದದ ವಸ್ತುವಲ್ಲ. ಹಠಾತ್ತನೆ ಎದುರಾದರೆ ಅದು ಮೇಲೆರಗುತ್ತದೆ.

ಆದರೂ ಹೋಲಿಕೆಗೆ ಬೇರೊಂದು ನೋಟವಿದೆ. ಹಿಂದೆ ನಮ್ಮ ಊರುಗಳ ಸಂತೆಬೀದಿಗಳಲ್ಲಿ ಮೂತಿಗೆ ಹಗ್ಗ ಪೋಣಿಸಿದ ಕರಡಿ ಬುಡುಬುಡಿಕೆಯ ಸದ್ದಿಗೆ ಕುಣಿಯುತ್ತಿತ್ತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೂ ಆ ಆಟ ಮುಗಿಯಲು ದಶಕಗಳು ಹಿಡಿದವು. ಕೊನೆಯದೆನ್ನಲಾದ ಕುಣಿಯುವ ಕರಡಿ ಬನ್ನೇರುಘಟ್ಟದ ಆಶ್ರಯಧಾಮವನ್ನು ಸೇರಿದ್ದು 2009ರಲ್ಲಿ. ಬೀದಿಯಲ್ಲಿ ಕರಡಿ ಮನುಷ್ಯನಿಗಾಗಿ ಕಾಯುತ್ತಿತ್ತು. ದರೋಜಿಯಲ್ಲಿ ಮನುಷ್ಯನು ಕರಡಿಗಾಗಿ ಕಾಯುವನು. ಬೆಲ್ಲ ತಿಂದಾದ ಮೇಲೆ ಅದು ಯಾರ ಅಪ್ಪಣೆಯನ್ನೂ ಕೇಳದೆ ಗುಡ್ಡದಾಚೆ ಹೊರಟುಹೋಗುತ್ತದೆ. ಮಕ್ಕಳನ್ನು ಕರೆದೊಯ್ದು ತೋರಿಸಬೇಕಾದುದು ಮುಖ್ಯವಾಗಿ ಆ ಹೊರಟುಹೋಗುವಿಕೆಯನ್ನೇ.