ಹೆಂಚಿನ ಪದಕ

ಸಾಗರ,
ಮಳೆಗಾಲದ ಒಂದು ಮಧ್ಯಾಹ್ನ

ಪ್ರೀತಿಯ ಗೆಳತಿ,

ನಿಮ್ಮ ಪತ್ರ, ಜೊತೆಗೆ ಹತ್ತಿಯಲ್ಲಿ ಸುತ್ತಿ ಕಳಿಸಿದ ಮಣ್ಣಿನ ಪದಕ, ಎರಡೂ ಕ್ಷೇಮವಾಗಿ ತಲುಪಿದವು. ಪದಕವನ್ನು ಎರಡು ದಿನ ನಾನೇ ಕೊರಳಿಗೆ ಹಾಕಿಕೊಂಡು ಓಡಾಡಿದೆ. ಅಂಗಳ ಗುಡಿಸಿದೆ, ಬಟ್ಟೆ ಒಣಹಾಕಿದೆ, ಪೇಟೆಗೂ ಹೋಗಿಬಂದೆ. ನೀವು ಬರೆದದ್ದು ನಿಜ. ಒಂದು ಸಲ ಬಗ್ಗಿ ಎದ್ದರೆ ಸಾಕು, ಪದಕ ತಲೆಕೆಳಗಾಗಿ ಮಗುಚಿಕೊಳ್ಳುತ್ತದೆ. ಅಷ್ಟು ಆಸ್ಥೆಯಿಂದ ತಿದ್ದಿದ ನವಿಲು ಎದೆಯ ಕಡೆಗೆ, ಬರಿಯ ಮಣ್ಣು ನೋಡುವವರ ಕಡೆಗೆ. ‘ಈ ಕೆಲಸ ನನ್ನ ಕೈಗೆ ಒಗ್ಗುವುದಿಲ್ಲ’ ಎಂದು ಬರೆದಿದ್ದೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ನವಿಲಿನ ಕತ್ತಿನ ಬಾಗು ನೋಡಿದವರು ಯಾರೂ ಒಪ್ಪಲಾರರು. ನಿಮ್ಮ ಕೈ ಒಳ್ಳೆಯ ಕೈ. ತಪ್ಪಿರುವುದು ತೂತು ಮಾತ್ರ.

ಪದಕ ಮಾಡಲು ಕೂತಾಗ ನಾವೆಲ್ಲ ಮೊದಲು ಮುಖ ಮಾಡುತ್ತೇವೆ. ಹೂವೋ ಹಕ್ಕಿಯೋ ಮಾವಿನಕಾಯಿಯೋ ಬಿಡಿಸಿ, ಚೆನ್ನಾಗಿ ಬಂತು ಅನ್ನಿಸಿದ ಮೇಲೆ, ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ ಚುಚ್ಚುತ್ತೇವೆ. ನಿಮ್ಮ ನವಿಲಿನ ಜುಟ್ಟು ಮೇಲಂಚಿನವರೆಗೂ ಬಂದುಬಿಟ್ಟಿದೆ. ಜುಟ್ಟು ಮುರಿಯಬಾರದೆಂದು ತೂತನ್ನು ಕೆಳಗಿಳಿಸಿ, ಎಡದಿಂದ ಬಲಕ್ಕೆ ನಟ್ಟನಡುವೆ ಹಾಯಿಸಿದ್ದೀರಿ. ಈಗ ದಾರದ ಮೇಲೆ ಎಷ್ಟು ಭಾರವೋ ಕೆಳಗೂ ಅಷ್ಟೇ. ಪದಕವನ್ನು ಕೆಳಕ್ಕೆ ಎಳೆದು ನಿಲ್ಲಿಸುವುದು ಏನೂ ಇಲ್ಲ. ಅದರ ಮೇಲೆ ಮುಂದುಗಡೆ ಮೈದುಂಬಿದ ನವಿಲು. ಬಗ್ಗಿದ ಕೂಡಲೇ ಆ ಉಬ್ಬಿನ ಭಾರಕ್ಕೆ ಮಗುಚುತ್ತದೆ. ಪದಕ ಎಂದರೆ ತೂಗುವ ವಸ್ತು, ಗೆಳತಿ. ಹೇಗೆ ತೂಗುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡ ಮೇಲೆಯೇ ಮುಖ ಬಿಡಿಸಬೇಕು. ಇದು ನನಗೆ ತಿಳಿಯುವ ಹೊತ್ತಿಗೆ ಎರಡು ಮಳೆಗಾಲ ಕಳೆದಿದ್ದವು.

ದಾರವನ್ನು ಅಡ್ಡಲಾಗಿ ಹಾಯಿಸುವುದಾದರೆ ತೂತು ಮೇಲಿನ ಕಾಲುಭಾಗದಲ್ಲಿರಲಿ, ಮತ್ತು ಮುಖಕ್ಕಿಂತ ಬೆನ್ನಿಗೆ ಹತ್ತಿರವಿರಲಿ. ಆಗ ಪದಕದ ಭಾರವೆಲ್ಲ ದಾರದ ಕೆಳಗೆ, ತುಸು ಮುಂದಕ್ಕೆ ಬೀಳುತ್ತದೆ. ಆ ಭಾರ ನೇರ ಕೆಳಗೆ ಇಳಿಯಲು ನೋಡುವಾಗ ಪದಕದ ತುದಿ ಎದೆಯ ಕಡೆಗೆ ಒತ್ತಿಕೊಳ್ಳುತ್ತದೆ, ಬೆನ್ನು ಮೈಗೆ ಅಂಟಿದ ಹಾಗೆ ಕೂರುತ್ತದೆ. ತೂತು ಮುಖದ ಕಡೆ ಸರಿದರೆ ತುದಿ ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತದೆ, ಬಗ್ಗಿದಾಗಲೆಲ್ಲ ಏನಕ್ಕಾದರೂ ತಗುಲುತ್ತದೆ.

ಮುಂದಿನಿಂದ ಹಿಂದಕ್ಕೆ ತೂತು ಮಾಡಿದರೆ ಲೆಕ್ಕ ಬೇರೆ. ಅಲ್ಲಿ ದಾರವನ್ನು ಸುಮ್ಮನೆ ತೂರಿಸಿದರೆ ಪದಕ ಅಡ್ಡ ತಿರುಗಿ ತನ್ನ ಅಂಚು ತೋರಿಸುತ್ತದೆ. ಒಂದು ಪುಟ್ಟ ಲೋಹದ ಬಳೆ ಬೇಕು. ಅಂಗಡಿಯವರು ಜಂಪ್ ರಿಂಗ್ ಎನ್ನುವುದು ಅದಕ್ಕೇ. ಒಂದು ಹಾಕಿದರೆ ಮುಖ ಮುಂದೆ ಬರುತ್ತದೆ. ಸ್ವಲ್ಪ ಇಳಿಬಿಡೋಣ ಎಂದು ಇನ್ನೊಂದು ಸೇರಿಸಿದಿರೋ, ಮತ್ತೆ ಅಡ್ಡ. ಪ್ರತಿ ಬಳೆಯೂ ಹಿಂದಿನದಕ್ಕೆ ಅಡ್ಡಡ್ಡ ಕೂರುವುದರಿಂದ ಹೀಗಾಗುತ್ತದೆ. ಒಂದು ಇಲ್ಲವೇ ಮೂರು, ಎರಡು ಬೇಡ. ಆ ಬಳೆಯನ್ನು ಬಿಡಿಸುವಾಗಲೂ ಬಾಯಿಯನ್ನು ಅಗಲಕ್ಕೆ ಹಿಗ್ಗಿಸಬೇಡಿ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ. ಹಿಗ್ಗಿಸಿದ ಬಳೆ ಮತ್ತೆ ದುಂಡಗಾಗುವುದಿಲ್ಲ, ಒಂದು ದಿನ ಬಸ್ಸಿನಲ್ಲಿ ಪದಕ ಜಾರಿಹೋಗುತ್ತದೆ.

ಇನ್ನು ಬೆನ್ನಿನ ಮಾತು. ನಿಮ್ಮದನ್ನು ತಕ್ಕಡಿಯಲ್ಲಿಟ್ಟೆ, 46 ಗ್ರಾಂ ಇದೆ. ಸಂಜೆಯ ಹೊತ್ತಿಗೆ ನನ್ನ ಕತ್ತಿನ ಹಿಂದೆ ದಾರದ ಗುರುತು ಕೆಂಪಾಗಿ ಬಿದ್ದಿತ್ತು. ನನ್ನ ಅನುಭವದಲ್ಲಿ 20 ಗ್ರಾಂ ದಾಟಿದ ಪದಕವನ್ನು ಇಡೀ ದಿನ ಯಾರೂ ಹಾಕಿಕೊಳ್ಳುವುದಿಲ್ಲ, ಮೆಚ್ಚುತ್ತಾರೆ, ಪೆಟ್ಟಿಗೆಯಲ್ಲಿಡುತ್ತಾರೆ. ಹಾಗಾಗಿ ಮಣ್ಣು ಅರೆಬರೆ ಒಣಗಿದಾಗ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮಾತ್ರ ಮೆತ್ತಗಿರುವಾಗ, ಹಿಂಬದಿಯನ್ನು ಚಮಚದ ತುದಿಯಿಂದ ಕೆರೆದು ಟೊಳ್ಳು ಮಾಡಿ. ಎದುರಿಗೆ ತುಂಬು ನವಿಲು, ಹಿಂದೆ ದೋಣಿಯಂಥ ತಗ್ಗು. ಇದರಲ್ಲಿ ಮೋಸವೇನೂ ಇಲ್ಲ. ಕೊಡಗಿನ ಜೋಮಾಲೆಯ ಚಿನ್ನದ ಗುಂಡುಗಳೂ ಗಟ್ಟಿ ಚಿನ್ನವಲ್ಲ. ತೆಳು ತಗಡಿನ ಗುಂಡಿನೊಳಗೆ ಅರಗು ತುಂಬಿರುತ್ತಾರೆ. ಮೈಮೇಲೆ ಹೊರುವ ವಸ್ತುವಿನ ಭಾರ ಇಳಿಸುವುದು ಹಳೆಯ ಅಕ್ಕಸಾಲಿಗರಿಗೆ ಗೊತ್ತಿದ್ದ ವಿದ್ಯೆ. ಟೊಳ್ಳು ಮಾಡಿದರೆ ಇನ್ನೂ ಒಂದು ಲಾಭ. ಎಲ್ಲ ಕಡೆ ಒಂದೇ ದಪ್ಪ ಇರುವುದರಿಂದ ಮಣ್ಣು ಒಂದೇ ಸಮನೆ ಒಣಗುತ್ತದೆ, ಬಿರುಕು ಕಡಿಮೆ.

ಒಣಗಿಸುವುದರಲ್ಲಿ ಆತುರ ಬೇಡವೇ ಬೇಡ. ನಮ್ಮ ಸಾಗರದ ಮಳೆಯಲ್ಲಿ ಒಂದು ಪದಕ ಒಣಗಲು ಹತ್ತು ಹದಿನೈದು ದಿನ ಹಿಡಿದದ್ದುಂಟು. ನಿಮ್ಮ ಬೆಂಗಳೂರಿನಲ್ಲಿ ಒಂದು ವಾರ ಸಾಕಾಗಬಹುದು. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಕುಗ್ಗುತ್ತದೆ, ನಡುವು ಇನ್ನೂ ಹಸಿಯಾಗಿರುತ್ತದೆ, ಆ ಎಳೆದಾಟದಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನೆರಳಲ್ಲಿ, ಹಳೆ ಪಂಚೆಯ ತುಂಡು ಹೊದಿಸಿ, ದಿನಕ್ಕೊಮ್ಮೆ ಮಗುಚಿಡಿ. 5 ಸೆಂ.ಮೀ. ಉದ್ದದ ಹಸಿ ಪದಕ ಒಣಗಿ ಬೆಂದು ಬರುವಾಗ 4.5ರ ಆಸುಪಾಸಿಗೆ ಇಳಿದಿರುತ್ತದೆ. ತೂತೂ ಅಷ್ಟೇ ಕುಗ್ಗುತ್ತದೆ. ದಾರಕ್ಕಿಂತ ಒಂದು ಸುತ್ತು ದೊಡ್ಡದಾಗಿಯೇ ಚುಚ್ಚಿ. ಹದವಾಗಿ ಒಣಗುವಾಗ ಗಜ್ಜುಗದ ಬೀಜದಿಂದ ಮೇಲ್ಮೈ ಉಜ್ಜಿದರೆ ಬಣ್ಣವಿಲ್ಲದೆಯೇ ಒಂದು ಮಿರುಗು ಬರುತ್ತದೆ. ನಾನು ಬಣ್ಣ ಬಳಿಯುವುದಿಲ್ಲ. ಬೆಂದ ಮಣ್ಣಿನ ಬಣ್ಣ ನನಗೆ ಎಲ್ಲ ಬಣ್ಣಕ್ಕಿಂತ ಇಷ್ಟ, ಇಳಕಲ್ ಸೀರೆಯ ಜೊತೆಗಂತೂ.

ಅಡುಗೆಮನೆಯ ಓವನ್ನಿನಲ್ಲಿ ಸುಟ್ಟೆ ಎಂದಿದ್ದೀರಿ. ಅದು ಸುಟ್ಟಂತಲ್ಲ. ಓವನ್ 250 ಡಿಗ್ರಿಗೆ ನಿಲ್ಲುತ್ತದೆ. ಮಣ್ಣಿನ ಕಣಕಣದೊಳಗೆ ಕಟ್ಟಿಕೊಂಡಿರುವ ನೀರು ಬಿಟ್ಟುಹೋಗಿ, ಮಣ್ಣು ಮತ್ತೆಂದೂ ಕೆಸರಾಗದ ಹಾಗೆ ಗಟ್ಟಿಯಾಗಲು 600 ಡಿಗ್ರಿಯಾದರೂ ದಾಟಬೇಕು. ಅನುಮಾನವಿದ್ದರೆ ಅದೇ ಸಲ ಓವನ್ನಿನಲ್ಲಿಟ್ಟಿದ್ದ ಮಣ್ಣಿನ ಚೂರೊಂದನ್ನು ರಾತ್ರಿ ನೀರಲ್ಲಿ ಹಾಕಿಡಿ. ಬೆಳಗ್ಗೆ ಕರಗಿರುತ್ತದೆ. ನವಿಲನ್ನು ಮಳೆಗೆ ಒಡ್ಡಬೇಡಿ.

ನಾನು ಸುಡುವುದು ಬಚ್ಚಲೊಲೆಯಲ್ಲಿ. ಮೊದಲ ಸಲ ಒಣಗಿದೆ ಎಂದುಕೊಂಡು ಏಳು ಪದಕಗಳನ್ನು ನೇರವಾಗಿ ಕೆಂಡಕ್ಕೆ ಇಟ್ಟೆ. ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿದವು. ಒಳಗೆ ಉಳಿದಿದ್ದ ಪಸೆ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಒಡೆದುಕೊಂಡು ಬಂದಿತ್ತು. ಒಂದೂ ಉಳಿಯಲಿಲ್ಲ. ಆ ಸಂಜೆ ಬಹಳ ಹೊತ್ತು ಬಚ್ಚಲುಮನೆಯಲ್ಲೇ ಕೂತಿದ್ದೆ. ಈಗ ಪದಕಗಳನ್ನು ಮಣ್ಣಿನ ಕುಡಿಕೆಯೊಳಗೆ ಮರದ ಹೊಟ್ಟಿನ ನಡುವೆ ಇಟ್ಟು, ಬೆಳಗಿನಿಂದ ಸಂಜೆವರೆಗೆ ಒಲೆಯ ದಂಡೆಯ ಮೇಲೆ ಬೆಚ್ಚಗಾಗಲು ಬಿಡುತ್ತೇನೆ. ಆಮೇಲೆ ಕೆಂಡದ ಮಧ್ಯಕ್ಕೆ ಸರಿಸಿ, ಸುತ್ತ ಕರಟ ಪೇರಿಸುತ್ತೇನೆ. ಹೊಟ್ಟೆಲ್ಲ ಉರಿದು ಕುಡಿಕೆಯೊಳಗಿನ ಪದಕವೂ ಕೆಂಡದ ಬಣ್ಣಕ್ಕೆ ತಿರುಗಬೇಕು. ಬೆಂಕಿಯನ್ನು ತಾನಾಗಿ ಆರಲು ಬಿಟ್ಟು ಮಾರನೆಯ ಬೆಳಗ್ಗೆ ತೆಗೆಯುತ್ತೇನೆ.

ಆ ಬೆಳಗ್ಗೆ ಏನು ಸಿಗುತ್ತದೋ ಮೊದಲೇ ಹೇಳಲಾಗದು. ಗಾಳಿ ಚೆನ್ನಾಗಿ ಆಡಿದ ಕಡೆ ಮಣ್ಣಿನಲ್ಲಿರುವ ಕಬ್ಬಿಣ ಕೆಂಪೇರುತ್ತದೆ. ಹೊಟ್ಟಿನಲ್ಲಿ ಹೂತು, ಗಾಳಿಯಿಲ್ಲದೆ ಹೊಗೆ ಕುಡಿದ ಕಡೆ ಕಪ್ಪು. ಒಂದೇ ಮುದ್ದೆಯ ಮಣ್ಣಿನಿಂದ ಎರಡು ಬಣ್ಣ. ಒಮ್ಮೆ ಮೇಲರ್ಧ ಕೆಂಪು, ಕೆಳಗರ್ಧ ಕಪ್ಪಾದ ಪದಕವೊಂದು ಹೊರಬಂತು. ಕೆಟ್ಟಿತು ಎಂದು ಮೂಲೆಗಿಟ್ಟಿದ್ದೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಬೃಹತ್ ಶಿಲಾಯುಗದ ಗೋರಿಗಳಲ್ಲಿ ಸಿಕ್ಕಿದ ಕಪ್ಪು-ಕೆಂಪು ಮಡಕೆಗಳ ಬಗ್ಗೆ ಆಮೇಲೆ ಓದಿದೆ. ಒಳಗೂ ಬಾಯಂಚೂ ಕಪ್ಪು, ಹೊರಮೈ ಕೆಂಪು. ಆ ಕುಂಬಾರರು ಬೇಕೆಂದೇ ಮಾಡಿದ್ದು, ನನ್ನದು ತಾನಾಗಿ ಆದದ್ದು. ಆದರೂ ಬೆಂಕಿ ಅದೇ, ಹೊಗೆ ಅದೇ. ಮೂಲೆಯಿಂದ ಎತ್ತಿಕೊಂಡು ಬಂದು ದಾರ ಕಟ್ಟಿದೆ. ಈಗ ಅದನ್ನು ಯಾರು ಕೇಳಿದರೂ ಕೊಡುವುದಿಲ್ಲ.

ನಿಮ್ಮ ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ ಬಚ್ಚಲೊಲೆ ಎಲ್ಲಿಂದ ಬರಬೇಕು? ಅದನ್ನೇ ಯೋಚಿಸುತ್ತಿದ್ದಾಗ ಹಿತ್ತಿಲಿನ ಹೆಂಚಿನ ರಾಶಿ ಕಣ್ಣಿಗೆ ಬಿತ್ತು. ಕಳೆದ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಯ ಮಾಡು ಇಳಿಸಿ ತಗಡು ಹೊದಿಸಿದೆವು. ಒಡೆದ ಮಂಗಳೂರು ಹೆಂಚುಗಳು ಪಾಚಿ ಹಿಡಿದು ಅಲ್ಲೇ ಬಿದ್ದಿದ್ದವು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಿಡಿದು, ಆಮೇಲೆ ಕರಾವಳಿಯುದ್ದಕ್ಕೂ ಎದ್ದ ಎಷ್ಟೋ ಕಾರ್ಖಾನೆಗಳು ಹೊಳೆದಂಡೆಯ ಜೇಡಿಯನ್ನು ನಮ್ಮ ಬಚ್ಚಲೊಲೆಗೆ ಎಟುಕದ ಉರಿಯಲ್ಲಿ ಬೇಯಿಸಿ ಕೊಟ್ಟಿವೆ. ಬೆಂದದ್ದನ್ನು ಮತ್ತೆ ಯಾಕೆ ಬೇಯಿಸಬೇಕು? ಹೆಂಚಿನ ಚೂರನ್ನೇ ಪದಕ ಮಾಡಬಹುದಲ್ಲ!

ಮಾಡಿ ನೋಡಿದೆ, ಆಗುತ್ತದೆ. ಒಂದು ಅಂಗೈಯಗಲದ ಚೂರನ್ನು ಒಗೆಯುವ ಕಲ್ಲಿನ ಮೇಲೆ ನೀರು ಹಾಕುತ್ತಾ ತೇಯಬೇಕು, ಗಂಧ ತೇಯುವ ಹಾಗೆ. ಯಾವತ್ತೂ ಒಣಗಿದ್ದನ್ನು ತೇಯಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ನಿಮ್ಮಲ್ಲಿ ಕಲ್ಲಿಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ನೀರುಕಾಗದ ಸಾಕು. ಮೊದಲು 120 ನಂಬರಿನದು, ಕೊನೆಗೆ 400. ನಾಲ್ಕು ಸೆಂ.ಮೀ. ಉದ್ದಗಲಕ್ಕೆ ತಂದು, ದಪ್ಪವನ್ನು ಆರು ಮಿ.ಮೀ.ಗೆ ಇಳಿಸಿದರೆ ಸುಮಾರು 18 ಗ್ರಾಂ ಆಗುತ್ತದೆ. ಇದಕ್ಕೆ ಎರಡು ಸಂಜೆ ಬೇಕು. ತೇಯುತ್ತಾ ಹೋದ ಹಾಗೆ ಪಾಚಿಯ ಕಪ್ಪು ಕಳೆದು, ಕುಂಕುಮಕ್ಕಿಂತ ಒಂದು ಪಾಲು ತಿಳಿಯಾದ ಕೆಂಪು ಮೇಲೆ ಬರುತ್ತದೆ. ಅಷ್ಟು ವರ್ಷ ಮಳೆಯ ಕೆಳಗಿದ್ದ ವಸ್ತುವಿನ ಒಳಗೆ ಆ ಬಣ್ಣ ಹಾಗೇ ಕೂತಿತ್ತು. ತೂತಿಗೆ ಗಾಜು ಕೊರೆಯುವ 3 ಮಿ.ಮೀ. ಬಿಟ್ ಹಾಕಿದ ಡ್ರಿಲ್ ಬೇಕು. ಚೂರನ್ನು ಒದ್ದೆ ಬಟ್ಟೆಯ ಮೇಲಿಟ್ಟು, ನಿಧಾನ ವೇಗದಲ್ಲಿ, ಬೆನ್ನಿನಿಂದ ಅರ್ಧ, ಮುಖದಿಂದ ಅರ್ಧ. ಒಂದೇ ಕಡೆಯಿಂದ ಕೊರೆದರೆ ಆಚೆ ಬದಿಯಲ್ಲಿ ಚಕ್ಕೆ ಏಳುತ್ತದೆ.

ಇದಕ್ಕೆ ಲೋಹದ ಬಳೆಯೂ ಬೇಡ. ಅಗ್ಗದ ಬಳೆಗಳಲ್ಲಿ ನಿಕಲ್ ಇರುತ್ತದೆ, ನಿಮ್ಮ ಕತ್ತಿಗೆ ತುರಿಕೆ ಬರುತ್ತದೆಂದು ಹಿಂದೊಮ್ಮೆ ಬರೆದಿದ್ದಿರಿ. ದಾರವನ್ನು ಮಡಚಿ ಕುಣಿಕೆಯನ್ನು ಹಿಂದಿನಿಂದ ತೂರಿಸಿ, ಎರಡು ತುದಿಯನ್ನೂ ಆ ಕುಣಿಕೆಯೊಳಗೆ ಹಾಯಿಸಿ ಎಳೆಯಿರಿ. ಪದಕ ಮುಖ ಮುಂದೆ ಮಾಡಿ ನಿಲ್ಲುತ್ತದೆ. ದಾರಕ್ಕೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ಹೋಗಿಬನ್ನಿ. ಅಲ್ಲಿಯ ಮಣಿ ಅಂಗಡಿಗಳಲ್ಲಿ ಮೇಣ ಹಚ್ಚಿದ ಹತ್ತಿ ದಾರ ಸಿಗುತ್ತದೆ. ಸೀರೆ ಕುಚ್ಚಿನ ರೇಷ್ಮೆ ಎಳೆ ಮನೆಯಲ್ಲಿದ್ದರೆ ಅದನ್ನೇ ಮೂರೆಳೆ ಜಡೆ ಹೆಣೆದರೂ ಆಯಿತು. ಕೊಕ್ಕೆಯ ಬದಲು, ಎರಡು ತುದಿಯನ್ನೂ ಎದುರುಬದುರು ಇಟ್ಟು, ಒಂದೊಂದನ್ನೂ ಇನ್ನೊಂದು ದಾರದ ಸುತ್ತ ಮೂರು ಸಲ ಸುತ್ತಿ ಗಂಟು ಬಿಗಿದರೆ ಅವು ಜಾರುವ ಗಂಟುಗಳಾಗುತ್ತವೆ. ಸೀರೆಗೆ ಇಳಿಬಿಡಬಹುದು, ಕುರ್ತಾಗೆ ಏರಿಸಬಹುದು. 30 ಇಂಚಿನ ದಾರ ತೆಗೆದುಕೊಳ್ಳಿ, ಗಂಟಿಗೇ ಆರೇಳು ಇಂಚು ಹೋಗುತ್ತದೆ.

ನಿಮ್ಮ ನವಿಲನ್ನು ಈ ಪಾರ್ಸಲ್ಲಿನಲ್ಲಿ ವಾಪಸು ಕಳಿಸುತ್ತಿದ್ದೇನೆ. ಕೇಳದೆ ಒಂದು ಕೆಲಸ ಮಾಡಿದ್ದೇನೆ, ಕ್ಷಮಿಸಿ. ಕೆಳಂಚಿನಲ್ಲಿ ಮೂರು ಸಣ್ಣ ತೂತು ಕೊರೆದು ಮೂರು ಹಿತ್ತಾಳೆ ಗೆಜ್ಜೆ ಕಟ್ಟಿದ್ದೇನೆ. ಹಳೆಯ ಪದಕಗಳ ಕೆಳಗೆ ಮುತ್ತು, ಗುಂಡು ಇಳಿಬಿಟ್ಟಿರುತ್ತಾರಲ್ಲ, ಹಾಗೆ. ಆ ತೂಕಕ್ಕೆ ನವಿಲು ಈಗ ಮಗುಚುವುದಿಲ್ಲ. ನಿನ್ನೆ ಅದನ್ನು ಹಾಕಿಕೊಂಡೇ ಅಂಗಳ ಗುಡಿಸಿದೆ. ಒಟ್ಟು ಭಾರ ಮಾತ್ರ ಹೆಚ್ಚಾಗಿದೆ, ಮದುವೆ ಮುಂಜಿಗೆ ಎರಡು ಗಂಟೆ ಹಾಕಿಕೊಳ್ಳಿ.

ಜೊತೆಗೆ ಕೊಟ್ಟಿಗೆಯ ಹೆಂಚಿನ ಎರಡು ಚೂರು ಇಟ್ಟಿದ್ದೇನೆ. ಒಂದು ಬರಿಯದು, ಅಭ್ಯಾಸಕ್ಕೆ. ಇನ್ನೊಂದರ ಮೇಲೆ ಕಾರ್ಖಾನೆಯ ಹೆಸರಿನ ಉಬ್ಬಕ್ಷರಗಳಲ್ಲಿ ಎರಡೂವರೆ ಉಳಿದಿವೆ. ಆ ಬದಿಯನ್ನು ತೇಯಬೇಡಿ, ಹಿಂಬದಿಯನ್ನಷ್ಟೇ ಇಳಿಸಿ. ಎರಡೂವರೆಯಲ್ಲಿ ಯಾವ ಅಕ್ಷರ ಉಳಿಸಿಕೊಂಡಿರಿ ಎಂದು ಬರೆಯಿರಿ.

ನಿಮ್ಮ,
ಸಾಗರದ ಗೆಳತಿ