ಅಪ್ಪ ಹಿಡಿದ ಹಲ್ಲುಚಕ್ರ

ನಂದಿ ಬೆಟ್ಟ ಹತ್ತುವಾಗ ನನ್ನ ಸೈಕಲ್ ಗಿಯರ್ ಕೈಕೊಟ್ಟಿತು. ಒಂದು ಹಲ್ಲುಚಕ್ರದ ಮೇಲೂ ಚೈನು ನೆಟ್ಟಗೆ ಕೂರ್ತಿರಲಿಲ್ಲ, ಕಟಕಟ ಅಂತ ಜಾರ್ತಿತ್ತು. ಮನೆಗೆ ಬಂದು ಬಗ್ಗಿ ನೋಡಿದರೆ ಹಿಂದಿನ ಚಕ್ರದ ಕ್ಯಾಸೆಟ್ ಸಂದಿಯಲ್ಲೆಲ್ಲ ಹುಣಸೆಹಣ್ಣಿನಂಥ ಕಪ್ಪು ಜಿಡ್ಡು.

“ಅಂಗಡಿಗೆ ಕೊಟ್ಟುಬಿಡ್ತೀನಿ” ಅಂದೆ.

ಬಾಲ್ಕನಿಯ ಕುರ್ಚಿಯಿಂದ ಅಪ್ಪ ಕೇಳಿದರು, “ಯಾಕೆ, ನಿನಗೆ ಬಿಚ್ಚೋಕೆ ಬರಲ್ವಾ?”

ಅಪ್ಪ ತಾವಾಗಿ ಏನನ್ನಾದರೂ ಕೇಳಿ ಎಷ್ಟು ದಿನವಾಗಿತ್ತೋ! ಲೈನ್‌ಮನ್ ಆಗಿ ನಿವೃತ್ತರಾದವರು. ಆರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತ್ತು. ನಡಿಗೆ, ಮಾತು ಸರಿಹೋದರೂ ಆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿರೋರು. ಅಮುಕಲು ಅಂತ ಫಿಸಿಯೋಥೆರಪಿಯವರು ಕೊಟ್ಟ ಸ್ಪಂಜಿನ ಚೆಂಡನ್ನು “ಮಕ್ಕಳಾಟ” ಅಂತ ಪಕ್ಕಕ್ಕೆ ತಳ್ಳಿದ್ದರು.

ಗೆಳತಿಯ ಹತ್ತಿರ ಚೈನ್ ವಿಪ್, ಲಾಕ್‌ರಿಂಗ್ ಟೂಲ್ ಎರಡನ್ನೂ ತಂದೆ. ಬಿಚ್ಚೋಕೆ ಲಾಕ್‌ರಿಂಗನ್ನು ಎಡಕ್ಕೆ ತಿರುಗಿಸಬೇಕು. ಆದರೆ ಆ ಕಡೆ ಕ್ಯಾಸೆಟ್ಟೂ ಸುಮ್ಮನೆ ತಿರುಗಿಬಿಡುತ್ತೆ. ಅದು ತಿರುಗದ ಹಾಗೆ ಚೈನ್ ವಿಪ್ಪನ್ನು ಹಲ್ಲಿಗೆ ಸುತ್ತಿ ಹಿಡಿಯಬೇಕು. ಎರಡೂ ಕೆಲಸ ನನ್ನೊಬ್ಬಳಿಂದ ಆಗಲಿಲ್ಲ, ಸ್ಪ್ಯಾನರ್ ಜಾರಿ ಬೆರಳು ತರಚಿತು.

“ಕೊಡು ಇಲ್ಲಿ” ಅಂತ ಅಪ್ಪ ಎಡಗೈಯಲ್ಲಿ ವಿಪ್ ಹಿಡಿದರು. ನಾನು ಮೈಭಾರ ಹಾಕಿದೆ. ಟಕ್ ಅಂತ ಸಡಿಲವಾಯಿತು.

“ನಮ್ಮ ಕಾಲದ ಸೈಕಲ್ಲಲ್ಲಿ ಫ್ರೀವೀಲೇ ಹಬ್ಬಿಗೆ ತಿರುಪಿಕೊಂಡು ಕೂತಿರ್ತಿತ್ತು. ಇದೇನು, ಬಳೆ ಥರ ಜಾರಿ ಬರುತ್ತಲ್ಲ!” ಅಂದರು. ದೊಡ್ಡ ಚಕ್ರಗಳು ಒಟ್ಟಿಗೇ ಬಂದವು. ಚಿಕ್ಕವು ಬಿಡಿಬಿಡಿ, ನಡುವೆ ತೆಳ್ಳನೆ ಸ್ಪೇಸರ್. ಒಂದು ಹೆಚ್ಚುಕಮ್ಮಿಯಾದರೂ ಗಿಯರ್ ಕೂರಲ್ಲ.

“ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸು ಪುಟ್ಟಿ, ಅದಲುಬದಲಾಗಲ್ಲ.”

ಅಮ್ಮ ಅಟ್ಟದಲ್ಲಿ ಉಳಿಸಿಕೊಂಡಿದ್ದ ಸೀಮೆಎಣ್ಣೆಯನ್ನು ಹಳೇ ಡಬ್ಬಿಗೆ ಸುರಿದು ಎಲ್ಲ ನೆನೆಹಾಕಿದೆವು. ಹಬ್ಬಿಗೂ ಒಂದಿಷ್ಟು ಹೊಯ್ಯಲು ಹೋದಾಗ ಅಪ್ಪ ತಡೆದರು. ಒಳಗಿನ ಬೇರಿಂಗಿನ ಗ್ರೀಸ್ ಕರಗಿ ಹೋಗುತ್ತೆ, ಬಟ್ಟೆಯಲ್ಲಿ ಒರೆಸು ಸಾಕು ಅಂತ.

ಹಬ್ ಒರೆಸಿ ತಲೆ ಎತ್ತಿದರೆ ಅಪ್ಪ ಹಳೇ ಟೂತ್‌ಬ್ರಷ್ ಹಿಡಿದು ಹಲ್ಲು ತಿಕ್ಕುತ್ತಿದ್ದರು. ಬ್ರಷ್ ಎಡಗೈಯಲ್ಲಿ. ಹಲ್ಲುಚಕ್ರ ಬಲಗೈಯಲ್ಲಿ! ಮೂರು ಸಲ ಜಾರಿ ಬಿತ್ತು. ಮೂರು ಸಲವೂ ಬೈದುಕೊಂಡು ಎತ್ತಿಕೊಂಡರು. ಎತ್ತಿಕೊಡೋಕೆ ಮುಂದೆ ಹೋದ ನನ್ನ ಕೈಯನ್ನು ನಾನೇ ಹಿಂದಕ್ಕೆಳೆದುಕೊಂಡೆ. ಅಡುಗೆಮನೆ ಬಾಗಿಲಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಸೋಪು ನೀರಲ್ಲಿ ತೊಳೆದು, ಒರೆಸಿ, ಒಣಗಿಸಿದೆವು. ಜೋಡಿಸುವಾಗ ತಲೆನೋವಿಲ್ಲ. ಹಬ್ ಮೇಲಿನ ಗಾಡಿಗಳಲ್ಲಿ ಒಂದರ ಅಳತೆ ಬೇರೆ, ಹಾಗಾಗಿ ಚಕ್ರಗಳು ಒಂದೇ ರೀತಿ ಕೂರುತ್ತವೆ. ಕೊನೆಗೆ ಲಾಕ್‌ರಿಂಗನ್ನು ಟಕಟಕ ಸದ್ದು ಬರುವ ತನಕ ಬಿಗಿ ಮಾಡಿದೆ.

ಅಂಗಡಿಗೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಹೊಳೀತಿತ್ತೇನೋ. ಚಿಕ್ಕ ಚಕ್ರದ ಸಂದಿಯಲ್ಲಿ ಸ್ವಲ್ಪ ಕಪ್ಪು ಉಳಿದೇ ಇದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನ ಬಲಗೈ ಉಗುರಲ್ಲಿ ಇನ್ನೂ ಜಿಡ್ಡಿತ್ತು. ಅದನ್ನೇ ನೋಡ್ತಾ ಕೇಳಿದರು, “ಚೈನು ಯಾವತ್ತು ಬಿಚ್ತೀಯ?”